ಸಂಧಿವಾತದ ಕೈ, ಗಿಡ್ಡ ಹಸುವಿನ ಕೊಟ್ಟಿಗೆ

ರುಮಟಾಯ್ಡ್ ಸಂಧಿವಾತ ಅಂದರೆ ವಯಸ್ಸಾದ ಮೇಲೆ ಬರುವ ಮಂಡಿ ಸವೆತ ಅಲ್ಲ. ದೇಹದ ರೋಗನಿರೋಧಕ ಶಕ್ತಿಯೇ ಕೀಲುಗಳ ಒಳಪೊರೆಯ ಮೇಲೆ ತಿರುಗಿಬೀಳುವ ಕಾಯಿಲೆ ಅದು. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬರುವುದಿಲ್ಲ. ಬಿಗಿತ ಬಿಡಲು ಒಂದು ಗಂಟೆಗೂ ಮೀರಿ ಹಿಡಿಯುವುದುಂಟು. ನನಗೆ ಇದು ಅಂಟಿಕೊಂಡಾಗ ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಕೊಟ್ಟಿಗೆಯಲ್ಲಿ ದನಗಳಿದ್ದವು. "ಈ ಕೈ ಇಟ್ಕೊಂಡು ದನ ಸಾಕೂದು ಯಾಕೆ ಮಾರಾಯ್ತಿ, ಕೊಟ್ಟುಬಿಡು" ಅಂದವರೇ ಹೆಚ್ಚು. ನಾನು ಉಳಿಸಿಕೊಂಡೆ. ಇಂಥದೇ ಕಾಯಿಲೆ ಇರುವ ಮನೆಗಳವರಿಗೆ ಉಪಯೋಗಕ್ಕೆ ಬಂದೀತೆಂದು, ಎಡವಿದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ.

1. ಹಸು ಕೂಗಿದರೆ ಏಳಲೇಬೇಕು.
ನೋವೆಂದು ಮಲಗಿಯೇ ಇದ್ದರೆ ಕೀಲು ಇನ್ನಷ್ಟು ಬಿಗಿಯುತ್ತದೆ, ಮನಸ್ಸೂ ನೋವನ್ನೇ ಸುತ್ತುತ್ತಿರುತ್ತದೆ. ಮನೆಯವರು ಪ್ರೀತಿಯಿಂದಲೇ "ನೀನು ಮಲಗಿರು" ಅನ್ನುತ್ತಿದ್ದರು. ನಮ್ಮ ಹಸು ಗೌರಿಗೆ ನನ್ನ ಕಾಯಿಲೆ ಗೊತ್ತಿಲ್ಲ. ಅವಳಿಗೆ ಅಕ್ಕಚ್ಚು ಬೇಕು, ಕರುವನ್ನು ಬಿಡಬೇಕು. ಕೆಚ್ಚಲು ತೊಳೆಯಲು ಕಾಯಿಸುವ ನೀರಿನಲ್ಲಿ ಒಂದು ಪಾತ್ರೆಯಷ್ಟು ನನಗೇ ಎತ್ತಿಟ್ಟುಕೊಂಡು, ಮೊದಲು ಕೈ ಅದ್ದಿ ಕೂರುತ್ತೇನೆ. ಕಿರುಬೆರಳು ಬೇಗ ಸಡಿಲವಾಗುತ್ತದೆ, ಹೆಬ್ಬೆರಳು ಎಲ್ಲಕ್ಕಿಂತ ಕೊನೆಗೆ. ನನ್ನನ್ನು ಯಾರೋ ನೋಡಿಕೊಳ್ಳಬೇಕಾದ ಮನೆಯಲ್ಲಿ ನಾನೂ ಒಂದು ಜೀವವನ್ನು ನೋಡಿಕೊಳ್ಳುತ್ತಿದ್ದೇನೆ ಅನ್ನುವುದು ಎಷ್ಟು ದೊಡ್ಡ ಆಸರೆ ಎಂದು ಕಾಯಿಲೆ ಬಿದ್ದವರಿಗೆ ಗೊತ್ತು.

2. ಸಿಟ್ಟಿನ ಕೈಗೆ ಹಾಲು ಇಳಿಯುವುದಿಲ್ಲ.
ನೋವಿನ ಅಸಹನೆಯಲ್ಲಿ ಗಡಿಬಿಡಿಯಿಂದ ಕರೆಯಲು ಕೂತ ದಿನ ಗೌರಿ ಸೊರೆ ಬಿಡುತ್ತಿರಲಿಲ್ಲ. ಕರು ಬಾಯಿ ಹಾಕಿದಾಗ, ಕೆಚ್ಚಲು ನೇವರಿಸಿದಾಗ ಹಸುವಿನ ಮೈಯಲ್ಲಿ ಆಕ್ಸಿಟೋಸಿನ್ ಎಂಬ ಹಾರ್ಮೋನು ಬಿಡುಗಡೆಯಾಗಿ ಹಾಲು ಇಳಿಯುತ್ತದೆ. ಬೆದರಿದರೆ ಅಡ್ರಿನಲಿನ್ ಅದನ್ನು ತಡೆಯುತ್ತದೆ. ಹಾಗಾಗಿ ಅವಳ ಗಂಗೆದೊಗಲು ಸವರುತ್ತಾ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುವುದನ್ನು ಕಲಿತೆ. ಅವಳು ಕಿವಿ ಜೋಲಿಸಿ ಮೆಲುಕು ಹಾಕತೊಡಗುವ ಹೊತ್ತಿಗೆ ನನ್ನ ಉಸಿರೂ ನಿಧಾನವಾಗಿರುತ್ತಿತ್ತು. ನೋವು ಇದ್ದಷ್ಟೇ ಇರುತ್ತಿತ್ತು, ಅದರ ಮೇಲಿನ ಕೋಪ ಇಳಿದಿರುತ್ತಿತ್ತು.

3. ಮೈಗೆ ಆಗುವಷ್ಟೇ ಸಾಕಿ.
ಜೆರ್ಸಿ ಮಿಶ್ರತಳಿಯ ಹಸುವೊಂದೂ ಇತ್ತು. ಅದರ ಹಾಲು ಕರೆದು ಮುಗಿಸುವಷ್ಟರಲ್ಲಿ ಮಣಿಕಟ್ಟು ಊದುತ್ತಿತ್ತು. ಅದನ್ನು ತವರಿಗೆ ಕಳಿಸಿ, ಮಲೆನಾಡು ಗಿಡ್ಡ ತಳಿಯ ಗೌರಿಯನ್ನು ಮಾತ್ರ ಇಟ್ಟುಕೊಂಡೆ. ಗಿಡ್ಡದ ಮೊಲೆ ಚಿಕ್ಕದು, ಬೆರಳಿಗೆ ಕಷ್ಟವೇ. ಆದರೆ ಹಾಲು ಸ್ವಲ್ಪ, ಮೈ ಚಿಕ್ಕದು, ಮೇವೂ ಕಡಿಮೆ. ಕೈ ಏಳದ ದಿನ ಕರುವೇ ಕುಡಿದುಕೊಳ್ಳಲಿ ಎಂದು ಬಿಟ್ಟುಬಿಡಬಹುದು.

4. ಮಾತ್ರೆ ಬಿಡಬೇಡಿ.
ಒಮ್ಮೆ ಮೈ ಹಗುರಾಯಿತೆಂದು, ಇದೆಲ್ಲ ಕೊಟ್ಟಿಗೆ ಕೆಲಸದ ಗುಣವೆಂದು ನಂಬಿ, ವಾರಕ್ಕೊಮ್ಮೆಯ ಮೆಥೊಟ್ರೆಕ್ಸೇಟ್ ಮಾತ್ರೆಯನ್ನು ಡಾಕ್ಟರಿಗೆ ಹೇಳದೆ ನಿಲ್ಲಿಸಿದೆ. ಕಾಯಿಲೆ ಮರುಕಳಿಸಿದಾಗ ಕಣ್ಣಿ ಬಿಚ್ಚಲೂ ಕೈ ಬರಲಿಲ್ಲ. ಈ ಸಂಧಿವಾತದಲ್ಲಿ ಕೀಲಿಗಾಗುವ ಹಾನಿ ಮತ್ತೆ ಸರಿಹೋಗುವಂಥದ್ದಲ್ಲ. ದೀರ್ಘ ಕಾಯಿಲೆಯವರಿಗೆ ಸಣ್ಣದೊಂದು ಸಾಕುಪ್ರಾಣಿ ಒಳ್ಳೆಯ ಸಂಗಾತಿ ಎಂದು ಫ್ಲಾರೆನ್ಸ್ ನೈಟಿಂಗೇಲ್ 1860ರ ಸುಮಾರಿಗೇ ಬರೆದಿದ್ದರು. ಔಷಧಿಯ ಬದಲಿಗೆ ಅದನ್ನು ಸಾಕಿ ಎಂದು ಅವರೂ ಹೇಳಿದ್ದಲ್ಲ.

5. ಕೊಟ್ಟಿಗೆಯ ಅಪಾಯಗಳನ್ನು ತಿಳಿದಿರಿ.
ನಮ್ಮಂಥವರ ಮಾತ್ರೆಗಳು ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತವೆ. ಗೊರಸು ತಾಗಿದ ಸಣ್ಣ ಗಾಯವನ್ನೂ ಸೋಪು ಹಾಕಿ ತೊಳೆಯಬೇಕು. ಹಸಿ ಹಾಲು ಬಾಯಿಗೆ ಹಾಕಲೇಬಾರದು. ಕಂದು ರೋಗ, ಅಂದರೆ ಬ್ರುಸೆಲ್ಲೋಸಿಸ್, ಹಸಿ ಹಾಲಿನಿಂದಲೂ ಕಂದು ಹಾಕಿದ ಹಸುವಿನ ಕಸವನ್ನು ಬರಿಗೈಯಲ್ಲಿ ಎಳೆದರೂ ಹತ್ತುತ್ತದೆ. ಅದರ ಲಕ್ಷಣವೂ ಜ್ವರ ಮತ್ತು ಕೀಲುನೋವೇ. ಸಂಧಿವಾತ ಜೋರಾಯಿತೆಂದು ಸುಮ್ಮನಿದ್ದುಬಿಡುವ ಭಯ ಇದೆ. ಹೆಣ್ಣುಗರುವಿಗೆ 4ರಿಂದ 8 ತಿಂಗಳೊಳಗೆ ಇದರ ಲಸಿಕೆ ಹಾಕಿಸಬೇಕು. ನಮ್ಮ ಜಿಲ್ಲೆಯಲ್ಲಿ ಮಂಗನ ಕಾಯಿಲೆಯೂ ಇದೆ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ರೋಗ ಉಣುಗುಗಳಿಂದ ಹರಡುತ್ತದೆ. ಅದು ಹರಡುವ ಕಾಲದಲ್ಲಿ ಕೊಟ್ಟಿಗೆಗೆ ಹಾಸಲು ಕಾಡಿನ ದರಕು ತರುವುದನ್ನು ನಿಲ್ಲಿಸಿ ಹುಲ್ಲು ಹಾಸುತ್ತೇವೆ. ಮೇಯ್ದು ಬಂದ ಗೌರಿಯ ಕಿವಿಯೊಳಗೆ, ಬಾಲದ ಬುಡದಲ್ಲಿ ಉಣುಗು ಹುಡುಕುವ ಕೆಲಸ ನನ್ನದಲ್ಲ, ಮನೆಯವರದು.

6. ಬದಲಿ ಕೈಯನ್ನು ಮೊದಲೇ ಗೊತ್ತುಮಾಡಿ.
ನಾನಿಲ್ಲದೆ ಹಸು ಉಪವಾಸ ಬಿದ್ದೀತು ಎಂಬ ಚಿಂತೆಯೇ ನೋವಿಗಿಂತ ಹೆಚ್ಚು ಕಾಡಿದ ದಿನಗಳಿವೆ. ಸಾಕುವುದು ಸಮಾಧಾನವಾಗಬೇಕಾದರೆ ಆ ಚಿಂತೆ ಇರಬಾರದು. ಈಗ ಪಕ್ಕದ ಮನೆಯ ಹೆಂಗಸೊಬ್ಬರು ಸಗಣಿ ಬಾಚಿ, ಹುಲ್ಲು ಹಾಕಿ ಹೋಗುತ್ತಾರೆ. ನಾನು ಮಲಗಿದ ದಿನ ಹಾಲನ್ನೂ ಅವರೇ ಕರೆಯುತ್ತಾರೆ. ಗೌರಿ ಒದೆಯದಂತೆ ಅವರ ಕೈ ರೂಢಿಯಾಗಲೆಂದು ನಾನು ಗಟ್ಟಿಯಿದ್ದಾಗಲೇ ಪಕ್ಕದಲ್ಲಿ ನಿಂತು ಕರೆಸಿದ್ದೆ. ಅವರಿಗೆ ಕೊಡುವ ಸಂಬಳವನ್ನು ನಾನು ಹಾಲಿನ ಲೆಕ್ಕದಲ್ಲಿ ಬರೆಯುವುದಿಲ್ಲ, ಔಷಧಿಯ ಖರ್ಚಿನ ಜೊತೆ ಬರೆಯುತ್ತೇನೆ.