ಇಎಲ್‌ಸಿಬಿಗೆ ಕಾಣದ ಕರೆಂಟು

ಪ್ರಶ್ನೆ: ಬಂದರಿನ ಗುಜರಿ ಅಂಗಡಿಯಿಂದ ಹಾಳಾದ ಮೈಕ್ರೋವೇವ್ ಓವನ್ ಒಂದನ್ನು ತಂದಿದ್ದೇನೆ. ಅದರ ಟ್ರಾನ್ಸ್‌ಫಾರ್ಮರ್ ಬಿಚ್ಚಿ, ಹಲಸಿನ ಹಲಗೆಯ ಮೇಲೆ ಮಿಂಚಿನಂಥ ಚಿತ್ತಾರ ಸುಡಬೇಕೆಂಬ ಆಸೆ. ವಿಡಿಯೋಗಳಲ್ಲಿ ಸಲೀಸಾಗಿ ಮಾಡುತ್ತಾರೆ. ನಮ್ಮ ಮನೆಯಲ್ಲಿ ಇಎಲ್‌ಸಿಬಿ ಇದೆ, ರಬ್ಬರ್ ಗ್ಲೌಸ್ ಇದೆ, ಕಾಲಿಗೆ ಹವಾಯಿ ಚಪ್ಪಲಿ ಹಾಕಿಕೊಳ್ಳುತ್ತೇನೆ. ಆದರೂ ಅಪಾಯವೇ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಕಂಕನಾಡಿ, ಮಂಗಳೂರು

ಉತ್ತರ: ಅಪಾಯವೇ. ಮಾಡಬೇಡಿ. ಉತ್ತರ ಇಷ್ಟಕ್ಕೇ ಮುಗಿಯುತ್ತಿತ್ತು. ಆದರೆ ನೀವು ಮೂರು ರಕ್ಷಣೆಗಳ ಹೆಸರು ಹೇಳಿದ್ದೀರಿ. ಮನೆಯ ಕರೆಂಟಿನಿಂದ ನಮ್ಮನ್ನು ಕಾಯುವ ಈ ಮೂರೂ ಆ ಟ್ರಾನ್ಸ್‌ಫಾರ್ಮರಿನ ಮುಂದೆ ಯಾಕೆ ಕೈಕೊಡುತ್ತವೆ ಎಂಬುದನ್ನು ನೋಡಲೇಬೇಕು.

ಮೊದಲು ಇಎಲ್‌ಸಿಬಿ. ಫೇಸಿನಲ್ಲಿ ಹೋದ ಕರೆಂಟು ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸು ಬಂತೇ ಎಂದು ಲೆಕ್ಕ ಇಡುವುದೊಂದೇ ಅದರ ಕೆಲಸ. ಬಚ್ಚಲಿನ ಗೀಸರಿನಿಂದ ನಿಮ್ಮ ಮೈ ಮೂಲಕ ಕರೆಂಟು ನೆಲಕ್ಕಿಳಿದರೆ ಆ ಲೆಕ್ಕ ತಪ್ಪುತ್ತದೆ. ವ್ಯತ್ಯಾಸ 30 ಮಿಲಿಆಂಪಿಯರ್ ಮುಟ್ಟಿತೆಂದರೆ ಕಣ್ಣು ಮಿಟುಕಿಸುವುದರೊಳಗೆ ಟ್ರಿಪ್. ಟ್ರಾನ್ಸ್‌ಫಾರ್ಮರಿನ ಕಥೆ ಬೇರೆ. ಅದರ ಪ್ರೈಮರಿ ಸುರುಳಿಗೂ ಸೆಕೆಂಡರಿ ಸುರುಳಿಗೂ ತಂತಿಯ ಸಂಬಂಧವೇ ಇಲ್ಲ, ನಡುವೆ ಇರುವುದು ಕಬ್ಬಿಣದ ಕೋರ್ ಮತ್ತು ಅದರಲ್ಲಿ ಹರಿಯುವ ಕಾಂತಕ್ಷೇತ್ರ. ಸೆಕೆಂಡರಿಯಿಂದ ಹೊರಟ ಕರೆಂಟು ನಿಮ್ಮ ಎದೆ ಹಾದು ಸೆಕೆಂಡರಿಗೇ ಮರಳುತ್ತದೆ. ಈಚೆ ಬದಿಯಲ್ಲಿ ಫೇಸು, ನ್ಯೂಟ್ರಲ್ ಎರಡೂ ಸರಿಸಮ. ಇಎಲ್‌ಸಿಬಿಯ ಪಾಲಿಗೆ ಇದು ಯಾರೋ ಇಸ್ತ್ರಿ ಪೆಟ್ಟಿಗೆ ಹಾಕಿದಷ್ಟೇ, ಟ್ರಿಪ್ ಆಗಲು ಕಾರಣವೇ ಇಲ್ಲ. ಎಂಸಿಬಿಯನ್ನೂ ನಂಬಬೇಡಿ. 16 ಆಂಪಿಯರಿನ ಎಂಸಿಬಿ ಇರುವುದು ಗೋಡೆಯೊಳಗಿನ ವಯರು ಸುಡದಿರಲಿ ಎಂದು. ಮನುಷ್ಯನ ಜೀವ ಹೋಗುವಷ್ಟು ಕರೆಂಟು ಅದಕ್ಕೆ ಲೆಕ್ಕಕ್ಕೇ ಇಲ್ಲ.

ಇನ್ನು ಆ ಸೆಕೆಂಡರಿಯಲ್ಲಿ ಇರುವುದೆಷ್ಟು? 230 ವೋಲ್ಟನ್ನು ಅದು ಸುಮಾರು 2,000 ವೋಲ್ಟಿಗೆ ಏರಿಸುತ್ತದೆ. ವೋಲ್ಟ್ ಮಾತ್ರ ನೋಡಿದರೆ ಹೆದರುವಂಥದ್ದಲ್ಲ ಎಂದು ನೀವು ವಾದಿಸಬಹುದು. ಸೊಳ್ಳೆ ಬ್ಯಾಟಿನಲ್ಲೂ ಸಾವಿರಗಟ್ಟಲೆ ವೋಲ್ಟ್ ಇರುತ್ತದೆ, ಮಕ್ಕಳು ಅದರಲ್ಲಿ ಆಟವಾಡುತ್ತಾರೆ. ಹಳೆಯ ಡಬ್ಬಾ ಟಿವಿಯ ಪಿಕ್ಚರ್ ಟ್ಯೂಬಿನಲ್ಲಿ 25,000 ವೋಲ್ಟ್ ಇರುತ್ತಿತ್ತು. ರಿಪೇರಿ ಅಂಗಡಿಯವರು ಅದರ ಪೆಟ್ಟು ತಿಂದು "ಏನೂ ಆಗುವುದಿಲ್ಲ ಮಾರಾಯ್ರೆ" ಎಂದು ನಗುತ್ತಿದ್ದರು. ಅವರ ಧೈರ್ಯ ಸುಳ್ಳಲ್ಲ, ಆದರೆ ಅದನ್ನು ಇಲ್ಲಿಗೆ ತರಬೇಡಿ. ಬ್ಯಾಟಿಗಾಗಲಿ ಟಿವಿಗಾಗಲಿ ಆ ವೋಲ್ಟನ್ನು ಹಿಡಿದು ನಿಲ್ಲಿಸಿಕೊಂಡು ಆಂಪಿಯರ್ ತಳ್ಳುವ ತಾಕತ್ತು ಇರಲಿಲ್ಲ. ಮೈಕ್ರೋವೇವಿನದು ಅನ್ನ ಬಿಸಿ ಮಾಡಲೆಂದೇ ಕಟ್ಟಿದ, ಸಾವಿರ ವಾಟ್ ಮೀರಿದ ಟ್ರಾನ್ಸ್‌ಫಾರ್ಮರು. ಅರ್ಧ ಆಂಪಿಯರನ್ನು ಅದು ನಿರಾಯಾಸವಾಗಿ, ಸ್ವಿಚ್ ಆರಿಸುವವರೆಗೂ ಕೊಡುತ್ತಲೇ ಇರುತ್ತದೆ. ಹೃದಯದ ಬಡಿತ ತಾಳ ತಪ್ಪಿ ನಡುಗತೊಡಗಲು ಇದರ ಹತ್ತನೇ ಒಂದು ಪಾಲು ಸಾಕು. ಹತ್ತು ಹದಿನೈದು ಮಿಲಿಆಂಪಿಯರಿಗೇ ಕೈಯ ಸ್ನಾಯುಗಳು ಬಿಗಿದು ಹಿಡಿದದ್ದನ್ನು ಬಿಡಲಾಗುವುದಿಲ್ಲ. ಹಾಗಾಗಿ "ಶಾಕ್ ಹೊಡೆದರೆ ಕೈ ಎಳೆದುಕೊಳ್ಳುತ್ತೇನೆ" ಎಂಬ ಲೆಕ್ಕವೂ ಇಲ್ಲಿ ನಡೆಯದು.

ಗ್ಲೌಸ್ ವಿಷಯ. ಪಾತ್ರೆ ತೊಳೆಯುವ ಗ್ಲೌಸಿನ ಮೇಲೆ ಯಾವ ವೋಲ್ಟೇಜೂ ಬರೆದಿರುವುದಿಲ್ಲ, ಯಾರೂ ಅದನ್ನು ಆ ದೃಷ್ಟಿಯಿಂದ ಪರೀಕ್ಷಿಸಿಯೂ ಇರುವುದಿಲ್ಲ. ಲೈನ್‌ಮನ್‌ಗಳ ಗ್ಲೌಸಿಗೆ ದರ್ಜೆ ಉಂಟು: ಸೊನ್ನೆ ದರ್ಜೆಯದು 1,000 ವೋಲ್ಟಿಗೆ, ಒಂದನೇ ದರ್ಜೆಯದು 7,500 ವೋಲ್ಟಿಗೆ. ಅದನ್ನೂ ಪ್ರತಿ ಸಲ ಗಾಳಿ ತುಂಬಿ, ಸೂಜಿಮೊನೆಯಷ್ಟು ತೂತಿದೆಯೇ ಎಂದು ನೋಡಿಯೇ ತೊಡುತ್ತಾರೆ. ನಿಮ್ಮ ಮನೆಯ ಟೆಸ್ಟರಿನ ಹಿಡಿಯನ್ನು ಬೆಳಕಿಗೆ ಹಿಡಿದು ನೋಡಿ, ಸಾಮಾನ್ಯವಾಗಿ 500 ವಿ ಎಂದು ಅಚ್ಚೊತ್ತಿರುತ್ತದೆ. ಅದರಾಚೆ ಆ ಪ್ಲಾಸ್ಟಿಕ್ ಯಾವ ಭರವಸೆಯನ್ನೂ ಕೊಡುವುದಿಲ್ಲ.

ಹವಾಯಿ ಚಪ್ಪಲಿಗೆ ಎರಡು ಅಡ್ಡಿ. ಒಂದು, ನಮ್ಮ ಊರು. ಜುಲೈ ತಿಂಗಳಲ್ಲಿ ಸಿಟೌಟಿನ ನೆಲ ಬೆವರುತ್ತದೆ, ಚಪ್ಪಲಿಯ ಅಂಚಿನಲ್ಲಿ ಸದಾ ತೇವ ಇರುತ್ತದೆ. ಎರಡನೆಯದು ಊರಿಗೆ ಸಂಬಂಧಿಸಿದ್ದಲ್ಲ: ಒಂದು ಕೈಗೆ ಕರೆಂಟಿರುವ ತಂತಿ, ಇನ್ನೊಂದು ಕೈಗೆ ಟ್ರಾನ್ಸ್‌ಫಾರ್ಮರಿನ ಕಬ್ಬಿಣ ತಗಲಿದರೆ ನೆಲದ ಮಾತೇ ಬರುವುದಿಲ್ಲ. ಬಹುಪಾಲು ಓವನ್‌ಗಳಲ್ಲಿ ಸೆಕೆಂಡರಿಯ ಒಂದು ತುದಿಯನ್ನು ಆ ಕಬ್ಬಿಣಕ್ಕೇ ಸೇರಿಸಿರುತ್ತಾರೆ. ಚಿತ್ತಾರ ಸುಡುವವರು ಹಲಗೆಗೆ ಸೋಡಾಪುಡಿ ಕಲಸಿದ ನೀರು ಬಳಿಯುತ್ತಾರಲ್ಲ, ಆ ನೀರು ಮೇಜಿನ ಮೇಲೆ ಹರಿದರೆ ಮೇಜಿಗೂ ಕರೆಂಟು.

ಓವನನ್ನು ಬಿಚ್ಚುವುದೂ ನಿರಪಾಯವಲ್ಲ. ಒಳಗೆ ಸುಮಾರು ಒಂದು ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಇದೆ. ಡಯೋಡಿನೊಂದಿಗೆ ಸೇರಿ ಅದು, ಮೈಕ್ರೋವೇವ್ ಅಲೆ ಹುಟ್ಟಿಸುವ ಮ್ಯಾಗ್ನೆಟ್ರಾನಿಗೆ 4,000 ವೋಲ್ಟ್‌ವರೆಗೆ ಒದಗಿಸುತ್ತದೆ. ಪ್ಲಗ್ ತೆಗೆದ ಮೇಲೆ ನಿಧಾನಕ್ಕೆ ಖಾಲಿಯಾಗಲೆಂದು ಅದರೊಳಗೊಂದು ರೆಸಿಸ್ಟರ್ ಇಟ್ಟಿರುತ್ತಾರೆ. ಆ ರೆಸಿಸ್ಟರೇ ಕೆಟ್ಟಿದ್ದರೆ ಖಾಲಿಯಾಗುವುದಿಲ್ಲ. ಗುಜರಿಗೆ ಬಂದ ಓವನ್ ಎಂದರೆ ಒಳಗೆ ಏನೋ ಕೆಟ್ಟಿದೆ ಎಂದೇ ಅರ್ಥ, ಏನು ಎಂಬುದು ನಿಮಗೆ ಗೊತ್ತಿಲ್ಲ.

ಈ ಚಿತ್ತಾರಕ್ಕೆ ಲಿಚ್ಟೆನ್‌ಬರ್ಗ್ ಆಕೃತಿ ಎಂಬ ಹೆಸರಿದೆ. ಜರ್ಮನಿಯ ಗಟಿಂಗೆನ್‌ನಲ್ಲಿ ಗೇಯಾರ್ಗ್ ಕ್ರಿಸ್ಟಾಫ್ ಲಿಚ್ಟೆನ್‌ಬರ್ಗ್ ಎಂಬ ಭೌತವಿಜ್ಞಾನಿ 1777ರಲ್ಲಿ ಇದನ್ನು ಕಂಡ. ರಾಳದ ಫಲಕದ ಮೇಲೆ ಸ್ಥಾಯೀ ವಿದ್ಯುತ್ತು ಬಿಟ್ಟು ಹೋದ ಗುರುತಿನ ಮೇಲೆ ಧೂಳು ಕೂತು ಮೂಡಿದ ನಕ್ಷತ್ರಗಳವು. ಅವನ ಪ್ರಯೋಗದಲ್ಲಿ ಸಾಯುವಂಥದ್ದು ಇರಲಿಲ್ಲ. ಸಾವು ಶುರುವಾದದ್ದು ಅದನ್ನು ಮರಕ್ಕೆ ತಂದು, ಮೈಕ್ರೋವೇವ್ ಟ್ರಾನ್ಸ್‌ಫಾರ್ಮರ್ ಜೋಡಿಸಿದ ಮೇಲೆ. ಅಮೆರಿಕದ ಮರಕಡೆತಗಾರರ ಸಂಘ 2017ರಲ್ಲಿ ತನ್ನ ಕಾರ್ಯಕ್ರಮಗಳಲ್ಲಿ ಇದನ್ನು ನಿಷೇಧಿಸಿತು. ಆ ಸಂಘ ಕಲೆಹಾಕಿದ ಸಾವುಗಳ ಸಂಖ್ಯೆ 30 ದಾಟಿದೆ, ಸತ್ತವರಲ್ಲಿ ಕಸುಬು ಬಲ್ಲವರೂ ಇದ್ದರು. ಆಸ್ಟ್ರೇಲಿಯದ ಆನ್ ರಿಯರ್ಡನ್ ಎಂಬಾಕೆ ಈ ಅಪಾಯದ ಬಗ್ಗೆ ಎಚ್ಚರಿಸಿ ಮಾಡಿದ ವಿಡಿಯೋವನ್ನೇ 2022ರಲ್ಲಿ ಯೂಟ್ಯೂಬ್ ಅಪಾಯಕಾರಿ ಎಂದು ತೆಗೆದುಹಾಕಿ, ಗದ್ದಲವಾದ ಮೇಲೆ ಮರಳಿ ಹಾಕಿತು. ನೀವು ನೋಡಿದ "ಸಲೀಸು" ವಿಡಿಯೋಗಳ ಬಗ್ಗೆ ನನಗಿರುವ ತಕರಾರು ಒಂದೇ: ಮುಗಿಸಿ ಎದ್ದವರಷ್ಟೇ ಅಪ್‌ಲೋಡ್ ಮಾಡುತ್ತಾರೆ.

"ಪಕ್ಕದಲ್ಲಿ ಗೆಳೆಯನನ್ನು ನಿಲ್ಲಿಸಿಕೊಳ್ಳುತ್ತೇನೆ" ಎಂದೂ ಯೋಚಿಸಿರಬಹುದು. 2024ರ ಜೂನಿನ ಮಳೆಯಲ್ಲಿ ನಮ್ಮ ಪಾಂಡೇಶ್ವರದಲ್ಲಿ ತುಂಡಾಗಿ ಬಿದ್ದ ವಿದ್ಯುತ್ ತಂತಿ ಇಬ್ಬರು ಆಟೋ ಚಾಲಕರ ಜೀವ ತೆಗೆಯಿತು. ಒಬ್ಬರಿಗೆ ಶಾಕ್ ಹೊಡೆದಾಗ ಬಿಡಿಸಲು ಹೋದವರು ಇನ್ನೊಬ್ಬರು. ಗೆಳೆಯ ಮಾಡುವುದೂ ಅದನ್ನೇ, ಮೊದಲು ನಿಮ್ಮನ್ನು ಹಿಡಿದೆಳೆಯುತ್ತಾನೆ. ಯಾರಿಗೇ ಶಾಕ್ ಹೊಡೆದರೂ ಮೊದಲು ಮೈನ್ ಆರಿಸಬೇಕು, ಆಮೇಲಷ್ಟೇ ಮುಟ್ಟಬೇಕು. ಉಸಿರಿಲ್ಲದಿದ್ದರೆ ಎದೆ ಒತ್ತುತ್ತಲೇ 108ಕ್ಕೆ ಫೋನ್ ಮಾಡಿಸಬೇಕು. ಬೀದಿಯಲ್ಲಿ ಬಿದ್ದ ತಂತಿಯಾದರೆ ಹತ್ತಿರ ಹೋಗದೆ ಮೆಸ್ಕಾಂಗೆ 1912ರಲ್ಲಿ ತಿಳಿಸಬೇಕು.

ಇದೇ ಟ್ರಾನ್ಸ್‌ಫಾರ್ಮರಿನ ಸೆಕೆಂಡರಿ ಕತ್ತರಿಸಿ ದಪ್ಪ ಕೇಬಲ್ ಸುತ್ತಿ ಸ್ಪಾಟ್ ವೆಲ್ಡರ್ ಮಾಡುವವರೂ ಇದ್ದಾರೆ. ಅಲ್ಲಿ 2,000 ವೋಲ್ಟ್ ಉಳಿಯುವುದಿಲ್ಲ, ನಿಜ. ಆದರೆ ಗರಗಸ ಆಡಿಸುವಾಗ ಪ್ರೈಮರಿಯ ವಾರ್ನಿಷ್ ಕೆರೆದುಹೋದರೆ 230 ವೋಲ್ಟ್ ಕಬ್ಬಿಣಕ್ಕೇ ಬರುತ್ತದೆ. ಮಾಡಲೇಬೇಕಿದ್ದರೆ ಕಾಲೇಜಿನ ಲ್ಯಾಬಿನಲ್ಲಿ, ಮೇಷ್ಟ್ರ ಎದುರು ಮಾಡಿ.

ತಂದಿರುವ ಓವನನ್ನು ನೀವೇ ಬಿಚ್ಚದೆ, ಮೈಕ್ರೋವೇವ್ ರಿಪೇರಿ ಮಾಡುವ ಮೆಕ್ಯಾನಿಕ್ಕಿಗೆ ಕೊಟ್ಟು ಕೆಪಾಸಿಟರು, ಟ್ರಾನ್ಸ್‌ಫಾರ್ಮರು, ಮ್ಯಾಗ್ನೆಟ್ರಾನು ಮೂರನ್ನೂ ತೆಗೆಸಿ, ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಒಪ್ಪಿಸಿ. ತಟ್ಟೆ ತಿರುಗಿಸುವ ಪುಟ್ಟ ಮೋಟಾರು, ಬಾಗಿಲಿನ ಮೈಕ್ರೋಸ್ವಿಚ್ಚುಗಳು ನಿಮಗಿರಲಿ. ಆ ಮೋಟಾರು ನಿಮಿಷಕ್ಕೆ ಐದಾರು ಸುತ್ತು ಮಾತ್ರ ತಿರುಗುತ್ತದೆ, ಅದಕ್ಕೆ ಎಷ್ಟು ವೋಲ್ಟ್ ಬೇಕೆಂಬುದು ಬೆನ್ನ ಮೇಲೆಯೇ ಬರೆದಿರುತ್ತದೆ. ಹಲಸಿನ ಹಲಗೆಗೆ ಮರ ಸುಡುವ ಪೆನ್ನು ಸಿಗುತ್ತದೆ, ಸೋಲ್ಡರಿಂಗ್ ಐರನ್ನಿನ ಜಾತಿಯದು. ಮಿಂಚಿನ ಕವಲುಗಳನ್ನು ಅದರಲ್ಲಿ ಒಂದೊಂದಾಗಿ ಬಿಡಿಸಬೇಕು, ಒಂದು ಸಂಜೆ ಪೂರ್ತಿ ಹಿಡಿಯುತ್ತದೆ. ಗಾಜಿನ ತಟ್ಟೆಯನ್ನು ಮಾತ್ರ ನಿಮ್ಮ ಅಮ್ಮ ಆಗಲೇ ಅಡುಗೆಮನೆಗೆ ಸೇರಿಸಿರಬೇಕು.