ಹಳೆಯ ಟ್ರಂಪೆಟ್: ನಾದದ ಲೆಕ್ಕ, ಹೊಳಪಿನ ಲೆಕ್ಕ

ವೃತ್ತಿಪರ ದರ್ಜೆಯ ಹಳೆಯ ಟ್ರಂಪೆಟ್ಟಿನ ದುರಸ್ತಿ ವೆಚ್ಚವನ್ನು ಎರಡು ಬೇರೆ ಲೆಕ್ಕಗಳಾಗಿಯೇ ಬರೆದಿಡಬೇಕು. ನಾದಕ್ಕೆ ಹಾಕಿದ ಹಣ ವಾದ್ಯದ ಬೆಲೆಯನ್ನು ಕಾಯುತ್ತದೆ, ಹೊಳಪಿಗೆ ಹಾಕಿದ ಹಣ ಎಷ್ಟೋ ವೇಳೆ ಅದನ್ನು ತಗ್ಗಿಸುತ್ತದೆ. ಜೋಯಿಡಾ ತಾಲೂಕಿನ ಕುಂಬಾರವಾಡದಂಥ ಮಳೆಸೀಮೆಯಲ್ಲಿ ಪೆಟ್ಟಿಗೆಯೊಳಗಿನ ಹಿತ್ತಾಳೆಗೂ ಕಿಲುಬು, ಅಂದರೆ ತೇವದಿಂದೇಳುವ ಹಸಿರು ಪದರ, ಹಿಡಿಯುವುದರಿಂದ ಒಡೆಯನ ಕಣ್ಣು ಮೊದಲು ಹೊಳಪಿನತ್ತ ಹರಿಯುವುದು ಸಹಜ.

ಆದರೆ ಟ್ರಂಪೆಟ್ಟಿನ ಜೀವವಿರುವುದು ವಾಲ್ವುಗಳಲ್ಲಿ. ಕೊಳವೆಯ ದಾರಿಯನ್ನು ಉದ್ದ ಮಾಡಿ ಸ್ವರ ಬದಲಿಸುವ ಈ ಮೂರು ಪಿಸ್ಟನ್‌ಗಳಿಗೂ ಅವುಗಳ ಕವಚಕ್ಕೂ ನಡುವೆ ಇರಬೇಕಾದ ಸಂದು ಮಿಲಿಮೀಟರಿನ ನೂರರಲ್ಲಿ ಕೆಲವೇ ಭಾಗ. ಅದು ಸವೆದು ಹಿಗ್ಗಿದರೆ ಗಾಳಿ ಸೋರಿ ನಾದ ಸೊರಗುತ್ತದೆ. ವಾಲ್ವ್ ಒತ್ತದೆ ಅದರ ಸ್ಲೈಡನ್ನು, ಅಂದರೆ ಜಾರುವ ಕೊಳವೆಯನ್ನು, ಹೊರಕ್ಕೆಳೆದು, ಕೆಲವು ಕ್ಷಣ ತಡೆದು, ಬಳಿಕ ವಾಲ್ವ್ ಒತ್ತಿದಾಗ ‘ಟಪ್’ ಎಂಬ ಸದ್ದು ಬಂದರೆ ಸೋರಿಕೆ ಕಡಿಮೆಯೆಂದೂ, ಬಾರದಿದ್ದರೆ ಪಿಸ್ಟನ್‌ಗೆ ಹೊಸದಾಗಿ ನಿಕ್ಕಲ್ ಲೇಪಿಸಿ ಕವಚಕ್ಕೆ ಹೊಂದುವಂತೆ ಉಜ್ಜಿಸಬೇಕೆಂದೂ ತಿಳಿಯಬಹುದು. ಈ ಅಂಕಣಕಾರನು ತನ್ನ ಹಳೆಯ ವಾದ್ಯಕ್ಕಾಗಿ ತೆಗೆದಿಟ್ಟ ಹಣದ ಬಹುಪಾಲು ಹೋದದ್ದು ಈ ಕೆಲಸಕ್ಕೇ. ಹಿತ್ತಾಳೆ ಪಾತ್ರೆಯನ್ನು ಹುಣಸೆಹುಳಿ, ಬೂದಿ ಹಾಕಿ ತಿಕ್ಕುವ ಮನೆಯ ರೂಢಿ ಇಲ್ಲಿ ಸಲ್ಲದು. ಬೂದಿಯ ಕಣವೊಂದು ಒಳಸೇರಿದರೂ ಪಿಸ್ಟನ್ ಗೀರಿಹೋಗುತ್ತದೆ. ಊದುವ ಕಡೆಯ ಕೊಳವೆಯಲ್ಲಿ ಗುಲಾಬಿ ಬಣ್ಣದ ಚುಕ್ಕೆಗಳಿದ್ದರೆ, ಉಸಿರಿನ ತೇವಕ್ಕೆ ಹಿತ್ತಾಳೆಯೊಳಗಿನ ಸತು ಕರಗಿ ಬರೀ ತಾಮ್ರ ಉಳಿದಿದೆಯೆಂದರ್ಥ. ಅಂಥ ವಾದ್ಯವನ್ನು ಕೊಳ್ಳುವವರು ಹೊಸ ಕೊಳವೆಯ ಖರ್ಚನ್ನು ಬೆಲೆಯಲ್ಲೇ ಮುರಿದುಕೊಳ್ಳುವುದು ನ್ಯಾಯ.

ಹೊಳಪಿನ ಲೆಕ್ಕ ಬೇರೆ. ಟ್ರಂಪೆಟ್ಟಿನ ಗಂಟೆಯಾಕಾರದ ಬಾಯಿಯ ತಗಡು ಸುಮಾರು ಅರ್ಧ ಮಿಲಿಮೀಟರ್ ದಪ್ಪ. ಯಂತ್ರದ ಚಕ್ರಕ್ಕೆ ಹಿಡಿದು ಮೆರುಗು ಕೊಟ್ಟಷ್ಟೂ ಲೋಹ ಸವೆದು, ಕೆತ್ತಿದ ಅಕ್ಷರಗಳೂ ಮಾಸುತ್ತವೆ. ಅಮೆರಿಕದ ಟ್ರಂಪೆಟ್ ತಯಾರಕ ವಿನ್ಸೆಂಟ್ ಬಾಕ್ 1961ರಲ್ಲಿ ತನ್ನ ಕಂಪನಿಯನ್ನು ಸೆಲ್ಮರ್ ಕಂಪನಿಗೆ ಮಾರಿದ ನಂತರ ತಯಾರಿಕೆ ಎಲ್ಕಾರ್ಟ್ ಊರಿಗೆ ಹೋಯಿತು; ಅದಕ್ಕೂ ಹಿಂದಿನ ಮೌಂಟ್ ವರ್ನನ್ ಕಾಲದ ವಾದ್ಯಗಳಿಗೆ ಸಂಗ್ರಾಹಕರು ಹೆಚ್ಚು ತೆರುವಾಗ ಬಾಯಿಯ ಮೇಲಿನ ಆ ಊರಿನ ಹೆಸರನ್ನೇ ಮೊದಲು ಓದುತ್ತಾರೆ. ಹೆಸರು ಮಾಸಿದ ಮೇಲೆ ಗಿಲೀಟಿನಂಥ ಹೊಳಪಿಗೆ ಯಾರೂ ಹಣ ಕೊಡುವುದಿಲ್ಲ. ನೆಗ್ಗುಗಳ ವಿಷಯವೂ ಹಾಗೆಯೇ: ಗಾಳಿಯ ದಾರಿಯನ್ನು ಇಕ್ಕಟ್ಟಾಗಿಸಿದ್ದನ್ನು ಮಾತ್ರ ತೆಗೆಸಿದರೆ ಸಾಕು.

ಬ್ಯಾಂಡ್‌ಸೆಟ್ಟಿನವರು ತುಳಸಿ ಲಗ್ನದ ಬಳಿಕ ತೊಡಗುವ ಲಗ್ನಸರಾಯಿಯಲ್ಲಿ ವಾದ್ಯವನ್ನು ಕೈಬಿಡಲಾರದ ಕಾರಣ ವಾಲ್ವಿನ ಕೆಲಸವನ್ನು ಮಳೆಗಾಲದಲ್ಲೇ ಮುಗಿಸಿಕೊಳ್ಳುವುದು ಲಾಭಕರ. ಲ್ಯಾಕರ್, ಅಂದರೆ ಹಿತ್ತಾಳೆಯನ್ನು ಗಾಳಿಯಿಂದ ಕಾಯುವ ಪಾರದರ್ಶಕ ಬಣ್ಣ, ಬೇಕೇಬೇಕೆನ್ನುವವರು ಮಾತ್ರ ಒಣಹವೆ ಬರುವವರೆಗೆ ಕಾಯಬೇಕು. ತೇವದ ಗಾಳಿಯಲ್ಲಿ ಬಳಿದ ಸೆಲ್ಯುಲೋಸ್ ಲ್ಯಾಕರ್ ಬೆಳ್ಳಗೆ ಮಬ್ಬುಗಟ್ಟುವುದರಿಂದ ಅದನ್ನು ತೆಗೆದು ಮತ್ತೊಮ್ಮೆ ಬಳಿಸಬೇಕಾಗಬಹುದು.