ಮಂಗನ ಕಾಯಿಲೆ: ಕೊಟ್ಟಿಗೆಗೆ ಬರುವ ಉಣುಗು, ಮನೆಗೆ ಬರುವ ಜ್ವರ



ಮುಂಡಗೋಡ ತಾಲೂಕಿನ ಅತ್ತಿವೇರಿಯಂಥ ಕಾಡಂಚಿನ ಊರುಗಳಲ್ಲಿ ದನ ಮೇಯಲು ಕಾಡಿಗೆ ಹೋಗುತ್ತದೆ, ಒಲೆಯ ಕಟ್ಟಿಗೆ ಕಾಡಿನಿಂದ ಬರುತ್ತದೆ, ಕೊಟ್ಟಿಗೆಗೆ ಹಾಸುವ ದರಕೂ ಕಾಡಿನದೇ. ಈ ಮೂರು ದಾರಿಯಲ್ಲೂ ಉಣುಗು ನಮ್ಮ ಹತ್ತಿರ ಬರುತ್ತದೆ. ಉಣುಗಿನಿಂದ ಹರಡುವ ಮಂಗನ ಕಾಯಿಲೆಯನ್ನು (ಕೆ.ಎಫ್.ಡಿ.) ಹೈನುಗಾರರೆಲ್ಲ ತಿಳಿದಿರಬೇಕು.

ಕಾಯಿಲೆ ಬಂದ ಬಗೆ

1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲ ಹಳ್ಳಿಗಳ ಜನರಿಗೂ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಪರೀಕ್ಷಿಸಿ ಹೊಸ ವೈರಸ್ ಗುರುತಿಸಿದರು. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ಕಡೆ ಗೇರು ತೋಟಕ್ಕಾಗಿ ಕಾಡು ಕಡಿದ ನಂತರ ಕಾಯಿಲೆ ಜೋರಾಯಿತು. 2018-19ರಲ್ಲಿ ಸಾಗರ ತಾಲೂಕಿನ ಅರಳಗೋಡು ಭಾಗದಲ್ಲಿ ಸಾವುಗಳಾದವು. ನಮ್ಮ ಜಿಲ್ಲೆಯ ಸಿದ್ದಾಪುರ ತಾಲೂಕಿನಲ್ಲಿಯೂ ಪ್ರಕರಣಗಳು ಕಂಡುಬಂದಿವೆ.

ದನಕ್ಕೂ ಇದಕ್ಕೂ ಏನು ಸಂಬಂಧ?

ಮಳೆಗಾಲದಲ್ಲಿ ದೊಡ್ಡ ಉಣುಗು ದನದ ರಕ್ತ ಕುಡಿದು ನೆಲಕ್ಕೆ ಬಿದ್ದು ಮೊಟ್ಟೆ ಇಡುತ್ತದೆ. ಮಳೆ ನಿಂತ ಮೇಲೆ ಮರಿಗಳು ಹೊರಬಂದು ಇಲಿ, ಹೆಗ್ಗಣ, ಮಂಗಗಳಿಗೆ ಹತ್ತಿ ವೈರಸ್ ಪಡೆಯುತ್ತವೆ. ಡಿಸೆಂಬರ್‌ನಿಂದ ಮೇವರೆಗೆ ಸಾಸಿವೆ ಕಾಳಿನಷ್ಟು ಸಣ್ಣ ಎಳೆ ಉಣುಗುಗಳು ತರಗೆಲೆಯಲ್ಲಿ ಕಾದಿರುತ್ತವೆ. ಮನುಷ್ಯರಿಗೆ ಹೆಚ್ಚಾಗಿ ಕಚ್ಚುವುದು ಇವೇ.

ದನ ಈ ಕಾಯಿಲೆಯಿಂದ ಸಾಯುವುದಿಲ್ಲ. ಹಾಲಿನಿಂದ ಹರಡಿದ್ದಕ್ಕೆ ಪುರಾವೆಯಿಲ್ಲ. ಮನುಷ್ಯರಿಂದ ಮನುಷ್ಯರಿಗೂ ಹರಡದು, ಆದ್ದರಿಂದ ಕಾಯಿಲೆಯವರ ಮನೆಯನ್ನು ದೂರ ಇಡಬೇಕಿಲ್ಲ. ಆದರೆ ದನದ ರಕ್ತ ಸಿಕ್ಕಷ್ಟೂ ಉಣುಗಿನ ಸಂಖ್ಯೆ ಹೆಚ್ಚುತ್ತದೆ.

ಯಾರಿಗೆ ಹೆಚ್ಚು ಬರುತ್ತದೆ?

ಕಾಡಿಗೆ ಹೋಗದೆ ದಿನ ನಡೆಯದವರಿಗೆ. ಗ್ಯಾಸ್ ತುಂಬಿಸಲು ಹಣ ಸಾಲದ ಮನೆಯ ಹೆಣ್ಣುಮಕ್ಕಳು ಕಟ್ಟಿಗೆಗೆ ಹೋಗುತ್ತಾರೆ. ಮೇವು ಬೆಳೆಯಲು ಜಮೀನಿಲ್ಲದವರು ದನವನ್ನು ಕಾಡಿಗೆ ಹೊಡೆಯುತ್ತಾರೆ. ದರಕು ಗುಡಿಸುವವರು ಬರಿಗಾಲಲ್ಲೇ ನಡೆಯುತ್ತಾರೆ. ಜ್ವರ ಬಂದರೆ ಒಂದು ದಿನದ ಕೂಲಿ ಹೋಗುತ್ತದೆಂದು ಗುಳಿಗೆ ನುಂಗಿ ಕೆಲಸಕ್ಕೆ ಹೋಗುತ್ತಾರೆ; ದವಾಖಾನೆ ಮುಟ್ಟುವಷ್ಟರಲ್ಲಿ ತಡವಾಗಿರುತ್ತದೆ. "ಕಾಡಿಗೆ ಹೋಗಬೇಡಿ" ಎಂದು ಹೇಳಿದರೆ ಇವರಿಗೆ ಸಾಲದು. ಹೋಗದೆ ಇರುವ ದಾರಿಯನ್ನೂ ತೋರಿಸಬೇಕು.

ನೀವು ಮಾಡಬೇಕಾದ್ದು

• ಮನೆಯ ಹತ್ತಿರ ನಾಲ್ಕು ಗುಂಟೆಯಾದರೂ ಹೈಬ್ರಿಡ್ ನೇಪಿಯರ್ ಹುಲ್ಲು ಹಾಕಿ. ಡಿಸೆಂಬರ್‌ನಿಂದ ಮೇವರೆಗೆ ಹಾಲು ಕರೆಯುವ ದನವನ್ನಾದರೂ ಕಟ್ಟಿ ಮೇಯಿಸಿ.
• ಆ ತಿಂಗಳುಗಳಲ್ಲಿ ಕೊಟ್ಟಿಗೆಗೆ ದರಕಿನ ಬದಲು ಭತ್ತದ ಹುಲ್ಲು, ಹೊಟ್ಟು ಹಾಸಿ. ದರಕು ಬೇಕೇ ಬೇಕಾದರೆ ನವೆಂಬರ್ ಒಳಗೆ ತಂದಿಡಿ.
• ಮಳೆಗಾಲದಲ್ಲೇ ದನದ ಕಿವಿ, ಗಂಗೆದೊಗಲು, ಕೆಚ್ಚಲು, ಬಾಲದ ಬುಡ ನೋಡಿ. ಉಣುಗಿನ ಔಷಧವನ್ನು ಪಶುವೈದ್ಯರು ಹೇಳಿದ ಪ್ರಮಾಣದಲ್ಲೇ ಹಚ್ಚಿ. ಎಷ್ಟು ದಿನ ಹಾಲು ಸಂಘಕ್ಕೆ ಹಾಕಬಾರದೆಂದು ಕೇಳಿಕೊಳ್ಳಿ.
• ಕಿತ್ತ ಉಣುಗನ್ನು ಬೆರಳಲ್ಲಿ ಹಿಸುಕಬೇಡಿ. ಸೋಪಿನ ನೀರಿಗೆ ಹಾಕಿ.
• ಕಾಡಿಗೆ ಹೋಗಲೇಬೇಕಾದರೆ ಮೈತುಂಬ ಬಟ್ಟೆ ಹಾಕಿ. ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿ. ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ ಮಾಡಿ, ಬಟ್ಟೆ ಒಗೆಯಿರಿ.
• ಸತ್ತ ಮಂಗ ಕಂಡರೆ ಮುಟ್ಟಬೇಡಿ, ಆ ಜಾಗಕ್ಕೆ ದನ ಬಿಡಬೇಡಿ. ಆರೋಗ್ಯ ಕೇಂದ್ರಕ್ಕೆ ಅಥವಾ ಅರಣ್ಯ ಇಲಾಖೆಗೆ ತಿಳಿಸಿ.

ಜ್ವರ ಬಂದರೆ

ಉಣುಗು ಕಚ್ಚಿದ 3ರಿಂದ 8 ದಿನಗಳಲ್ಲಿ ಒಮ್ಮೆಲೇ ಜ್ವರ, ತಲೆನೋವು, ಸೊಂಟ ಮತ್ತು ಮಾಂಸಖಂಡಗಳ ವಿಪರೀತ ನೋವು, ವಾಂತಿ ಬರುತ್ತವೆ. ಕೆಲವರಿಗೆ ಮೂಗು, ವಸಡಿನಿಂದ ರಕ್ತ ಬರುತ್ತದೆ. ಜ್ವರ ಬಿಟ್ಟು, ಒಂದೆರಡು ವಾರದ ಮೇಲೆ ಮರುಕಳಿಸಿ ಮಿದುಳಿಗೆ ತೊಂದರೆ ಕೊಡುವುದೂ ಉಂಟು. ಕಾಯಿಲೆ ಬಿದ್ದ 100 ಜನರಲ್ಲಿ 3ರಿಂದ 5 ಜನ ಸಾಯಬಹುದು. ಹಿಂದೆ ಕೊಡುತ್ತಿದ್ದ ಲಸಿಕೆ ಸಾಕಷ್ಟು ರಕ್ಷಣೆ ನೀಡದ್ದರಿಂದ ನಿಲ್ಲಿಸಲಾಗಿದೆ. ವೈರಸ್ ಕೊಲ್ಲುವ ಔಷಧವೂ ಇಲ್ಲ. ಬೇಗ ದಾಖಲಾಗಿ ಆರೈಕೆ ಪಡೆದವರು ಬಹುಪಾಲು ಗುಣವಾಗುತ್ತಾರೆ. ವೈದ್ಯರಿಗೆ "ಕಾಡಿಗೆ ಹೋಗಿದ್ದೆ, ಉಣುಗು ಕಚ್ಚಿದೆ" ಎಂದು ಮೊದಲೇ ಹೇಳಿ, ರಕ್ತ ಪರೀಕ್ಷೆ ಮಾಡಿಸಿ. ಸ್ವಂತವಾಗಿ ಆಸ್ಪಿರಿನ್‌ನಂಥ ನೋವಿನ ಗುಳಿಗೆ ನುಂಗಬೇಡಿ.

ಸಂಘದ ಕೆಲಸ

ದಿನಕ್ಕೆ ಎರಡು ಸಲ ಊರವರೆಲ್ಲ ಸೇರುವ ಜಾಗ ಹಾಲಿನ ಡೇರಿ. ಡೇಪಾ ಎಣ್ಣೆಯನ್ನು ಅಲ್ಲಿಯೇ ಹಂಚಲು ಆಶಾ ಕಾರ್ಯಕರ್ತೆಯರನ್ನು ಕೇಳಿಕೊಳ್ಳಿ. ಮೇವಿನ ಕಡ್ಡಿ ಇದ್ದವರು ಇಲ್ಲದವರಿಗೆ ಕೊಡಿ. ಎರಡು ದಿನ ಹಾಲು ತಾರದ ಮನೆಯಿದ್ದರೆ ಜ್ವರವೇನೋ ಎಂದು ಕಾರ್ಯದರ್ಶಿಗಳು ವಿಚಾರಿಸಿ, ದನ ನೋಡಿಕೊಳ್ಳಲು ಪಕ್ಕದ ಮನೆಯವರಿಗೆ ಹೇಳಿ. ಕೊಟ್ಟಿಗೆಯ ಚಿಂತೆ ತಪ್ಪಿದರೆ ಕಾಯಿಲೆಯವರು ದವಾಖಾನೆಗೆ ಬೇಗ ಹೊರಡುತ್ತಾರೆ.